ಗೇರ್ ಬಾಕ್ಸಿಗೆ ಸಂಬಂಧ ನೋಡಿದ ಮಾವ

ನಮ್ಮ ಸೋದರಮಾವನಿಗೆ ಕಾರಿನ ಬಗ್ಗೆ ಗೊತ್ತಿಲ್ಲದ ವಿಷಯ ಒಂದೇ ಒಂದು. ಅದನ್ನು ಓಡಿಸುವುದು ಹೇಗೆ ಎಂಬುದು!

ಮಿಕ್ಕಿದ್ದೆಲ್ಲ ಗೊತ್ತು. ತಿಪಟೂರಿನಿಂದ ತುರುವೇಕೆರೆಯವರೆಗೆ ಯಾವ ಗಾಡಿ ಕೆಟ್ಟು ನಿಂತಿದ್ದರೂ ಮಾವ ಬಸ್ಸಿನಿಂದ ಇಳಿದು ಹೋಗಿ ಅದರ ಬಾನೆಟ್ಟಿನೊಳಗೆ ತಲೆ ತೂರಿಸುತ್ತಾರೆ. ಸದ್ದು ಕೇಳಿಯೇ ಯಾವ ಬೇರಿಂಗು ಸವೆದಿದೆಯೆಂದು ಹೇಳುತ್ತಾರೆ. ಹೇಳಿದ್ದು ಸರಿಯಾಗಿರುವುದೂ ಉಂಟು. ಆದರೆ ಸ್ಟೇರಿಂಗು ಹಿಡಿಯಿರಿ ಅಂದರೆ ಮಾತ್ರ ಎಲೆಯಡಿಕೆ ಚೀಲ ಹುಡುಕತೊಡಗುತ್ತಾರೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಹಿಡಿದಿದ್ದರಂತೆ. ಕಾರು ಸೀದಾ ಕೊಟ್ಟಿಗೆಗೆ ನುಗ್ಗಿ, ಹಾಲು ಕರೆಯುತ್ತಿದ್ದ ನಮ್ಮಜ್ಜಿಯ ಮುಂದೆ ನಿಂತಿತಂತೆ. ಅಜ್ಜಿ ಕೈಯಲ್ಲಿದ್ದ ತಂಬಿಗೆಯನ್ನೂ ಕೆಳಗಿಡದೆ, "ಹೆಂಗೂ ಒಳೀಕೆ ಬಂದಿದ್ದೀಯ, ಹಂಗೇ ಸಗಣಿ ಬಾಚಿ ಹೋಗಪ್ಪ" ಅಂದರಂತೆ. ಅಂದಿನಿಂದ ಮಾವ ಎಡಗಡೆ ಸೀಟಿನ ಮನುಷ್ಯ.

ಬಲಗಡೆ ಸೀಟು ಅತ್ತೆಯದು. ಅಷ್ಟೇಕೆ, ಕಾರೇ ಅತ್ತೆಯದು. ದುಂಡು ಮೂತಿಯ ಆ ಹಳೆಯ ಕಾರನ್ನು ಅವರಪ್ಪ ಮಗಳ ಮದುವೆಗೆ ಕೊಟ್ಟಿದ್ದು. ಅತ್ತೆ ಗಂಡನ ಮನೆಗೆ ತಾವೇ ಅದನ್ನು ಓಡಿಸಿಕೊಂಡು ಬಂದರು. ಮದುಮಗ ಪಕ್ಕದಲ್ಲಿ ಬಾಸಿಂಗ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದನಂತೆ. ಮುಂದೆ ಅದರಲ್ಲೇ ಕೊಬ್ಬರಿ ಮೂಟೆ ತುಂಬಿಕೊಂಡು ತಿಪಟೂರು ಮಾರ್ಕೆಟ್ಟಿಗೆ ಹೊರಡುವರು. ಅತ್ತೆ ಹಾರ್ನು ಹೊಡೆದರೆ ಲಾರಿಯವರೂ ಪಕ್ಕಕ್ಕೆ ಸರಿಯುತ್ತಿದ್ದರು.

ಅಂಥ ಅತ್ತೆಗೆ ಲಕ್ವ ಹೊಡೆಯಿತು. ಮಾತು ಮರಳಿತು, ಕೈ ಮರಳಿತು, ಎಡಗಾಲಿನ ಪಾದ ಮಾತ್ರ ಹಟ ಹಿಡಿಯಿತು. ಕೋಲೂರಿಕೊಂಡು ನಡೆಯಬಹುದು, ಆದರೆ ಕ್ಲಚ್ಚು ಒತ್ತಲಾಗದು. ದಿನಾ ಪಾದವನ್ನು ಒತ್ತಿ ಒತ್ತಿ ಬಿಡಬೇಕು, ಬಲ ಬರುತ್ತದೆ ಎಂದು ಡಾಕ್ಟರು ಹೇಳಿದರು. ಅತ್ತೆ ಕೇಳಬೇಕಲ್ಲ? "ಏನೂ ಕೆಲ್ಸ ಇಲ್ದೆ ಕಾಲಾಡ್ಸಕ್ಕೆ ನಾನೇನು ತೊಟ್ಲಲ್ಲಿರೋ ಕೂಸಾ" ಅಂದುಬಿಟ್ಟರು. ಕಾರು ಶೆಡ್ಡಿನಲ್ಲಿ ನಿಂತಿತು. ಸಂಜೆ ಹೊತ್ತು ಅತ್ತೆ ಅದರ ಗಾಜು ಒರೆಸಿ ಒಳಗೆ ಬರುತ್ತಿದ್ದರು. ಮಾವನಿಗೆ ಅದನ್ನು ನೋಡಲಾಗಲಿಲ್ಲ.

"ಅವಳು ತಿರ್ಗಾ ಗಾಡಿ ಬುಡಬೇಕು ಕಣ್ಲಾ," ಅಂದರು ನನಗೆ. "ಕ್ಲಚ್ಚೇ ಇಲ್ದಿರೋ ಆಟೋಮ್ಯಾಟಿಕ್ ಗೇರ್ ಬಾಕ್ಸು ಇದಕ್ಕೆ ಕೂರಿಸ್ತೀನಿ."

ಇದೊಳ್ಳೆ ಕಥೆಯಾಯಿತು! ಅಂಥ ಗೇರಿನ ಹೊಸ ಕಾರೇ ಅಂಗಡಿಯಲ್ಲಿ ಸಿಗುತ್ತದಲ್ಲ ಎಂದೆ. "ಮನೇಲಿ ಒಂದು ಇಟ್ಕಂಡು ಇನ್ನೊಂದ ತರೋ ಬುದ್ಧಿ ನಮ್ಮ ವಂಶದಲ್ಲೇ ಇಲ್ಲ" ಅಂದರು. ಅವರ ತಾತನ ಚರಿತ್ರೆ ನನಗೆ ಗೊತ್ತಿತ್ತು. ಆದರೂ ಹಿರಿಯರೆಂದು ಸುಮ್ಮನಾದೆ.

ಅಲ್ಲಿಂದ ಶುರುವಾಯಿತು ಸಂಬಂಧ ನೋಡುವ ಕೆಲಸ. ಆ ಮಾತು ಮಾವನದೇ. ಹೊಸ ಗೇರ್ ಬಾಕ್ಸು ಹಳೆಯ ಎಂಜಿನ್ನಿಗೆ ಹೊಂದಬೇಕಲ್ಲ, ಅದಕ್ಕೆ ತುಮಕೂರಿನ ಗುಜರಿಗಳನ್ನೆಲ್ಲ ಜಾಲಾಡಬೇಕು. ಓಡಿಸಲು ಬಾರದ ಮಾವನಿಗೆ ನಾನೇ ಸಾರಥಿ, ನನ್ನ ಸ್ಕೂಟರೇ ರಥ. ವಾರವಿಡೀ ಮಕ್ಕಳ ಮುಂದೆ ಗಂಟಲು ಹರಿದುಕೊಂಡ ನನ್ನಂಥ ಮೇಷ್ಟರು ಭಾನುವಾರವಾದರೂ ಮಲಗಿರಬೇಕೋ ಬೇಡವೋ? ಬೆಳಗ್ಗೆಯೇ ಮಾವ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಬಾಗಿಲಲ್ಲಿ ಹಾಜರು. ಎಣ್ಣೆ ಮಸಿ ಮೆತ್ತುವ ಗುಜರಿಗೆ ಯಾರಾದರೂ ಬಿಳಿ ಪಂಚೆ ಉಡುತ್ತಾರೆಯೇ? ಕೇಳಿದರೆ, "ಸಂಬಂಧ ಕೇಳಕ್ಕೆ ಹೋಗೋರು ನೀಟಾಗಿ ಹೋಗ್ಬೇಕು ಕಣ್ಲಾ" ಎಂಬ ಉತ್ತರ.

ಗುಜರಿಯಲ್ಲಿ ಮಾವನ ಪ್ರಶ್ನೆಗಳೂ ಹಾಗೆಯೇ. "ಇದು ಯಾವ ಕಡೇದು?"

"ಹಾಸನದ ಗಾಡೀದು ಯಜಮಾನ್ರೇ," ಅಂದ ಗುಜರಿಯವನು.

"ಏನಾಗಿ ಬಂತು?"

"ಗಾಡಿ ಚರಂಡಿಗೆ ಬಿದ್ದಿತ್ತು."

"ಬಿದ್ದೋರ ಮನೇದು ಬೇಡ ಬುಡು. ಸಾತ್ವಿಕರ ಮನೇದು ತೋರ್ಸು."

ಆಮೇಲೆ ಕುಕ್ಕರಗಾಲಲ್ಲಿ ಕೂತು ಗೇರ್ ಬಾಕ್ಸಿನ ಹಲ್ಲು ಎಣಿಸುವರು. ಹೆಣ್ಣು ನೋಡಲು ಬಂದವರು ಹಲ್ಲು ಎಣಿಸುವುದಿಲ್ಲ ಮಾವ, ಅದು ದನ ಕೊಳ್ಳುವವರ ಕೆಲಸ ಎಂದು ನಾನು ರೇಗಿದರೆ, "ಇದು ಎರಡೂ ಸೇರಿದ ವ್ಯವಹಾರ" ಅನ್ನುವರು. ಕೊನೆಗೆ ಆ ಗುಜರಿಯವನೇ ಸೋತು, "ನನ್ನ ಮಗಳ ಮದುವೇಲೂ ಬೀಗರು ಇಷ್ಟು ಕೇಳಿರಲಿಲ್ಲ ಕಣ್ರೀ" ಎಂದು ಕೈಮುಗಿದ. ಅಂತೂ ಯಾರೋ ರಿಟೈರ್ಡ್ ಜಡ್ಜರು ಮೆಲ್ಲಗೆ ಓಡಿಸಿದ್ದ ಕಾರಿನ ಗೇರ್ ಬಾಕ್ಸು ಮಾವನ ಮನಸ್ಸಿಗೆ ಬಂತು.

ಎಂಜಿನ್ನಿಗೂ ಅದಕ್ಕೂ ನಡುವೆ ಲೇತ್ ಮಶೀನಿನಲ್ಲಿ ಒಂದು ಕಬ್ಬಿಣದ ತಟ್ಟೆ ಕಡೆಸಿ ಗಂಟು ಹಾಕಿದ್ದಾಯಿತು. ಆದರೆ ಗಂಡು ಹೆಣ್ಣು ಒಪ್ಪಿದರೆ ಸಾಕೇ? ಬೀಗರು ಒಪ್ಪಬೇಡವೇ? ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಕೊಳವೆಯೊಂದಿದೆ, ಪ್ರೊಪೆಲ್ಲರ್ ಶಾಫ್ಟು. ಹಲ್ಲಿಗೆ ಹಲ್ಲು ಕೂಡಲಿಲ್ಲವೆಂದು ಅದು ಮುನಿಸಿಕೊಂಡಿತು. ಹಲ್ಲು ಕೂಡುವ ಶಾಫ್ಟು ಹುಡುಕಿದರೆ ಹಿಂದಿನ ಚಕ್ರಗಳ ಅಚ್ಚು, ಅಂದರೆ ಆಕ್ಸಲ್ಲು, ಒಲ್ಲೆ ಅಂದಿತು. ಕಡೆಗೆ ಆಕ್ಸಲ್ಲನ್ನೂ ಇನ್ನೊಂದು ಕಾರಿನಿಂದ ತಂದು, ನಡುವಿನ ಅಳತೆಗೆ ಸರಿಯಾಗಿ ಶಾಫ್ಟು ಕತ್ತರಿಸಿ ಬೆಸುಗೆ ಹಾಕಿಸಲು ಮಾವ ಒಬ್ಬರೇ ಬಸ್ಸಿನಲ್ಲಿ ತುಮಕೂರಿಗೆ ಹೋದರು. ನನಗೆ ಅವತ್ತು, ದೇವರ ದಯೆಯಿಂದ, ಜ್ವರ ಬಂದಿತ್ತು.

ಬರುವಾಗ ಕಂಡಕ್ಟರು ಶಾಫ್ಟು ನೋಡಿ, "ಏನ್ರೀ ಇದು, ಫಿರಂಗಿನಾ?" ಅಂದನಂತೆ.

"ನಮ್ಮ ಬೀಗ್ರು ಕಣಪ್ಪ."

"ಹಂಗಾದ್ರೆ ಬೀಗ್ರಿಗೂ ಒಂದು ಟಿಕೆಟ್ ತಗಳಿ."

ಟಿಕೆಟ್ ಪಡೆದು ಮರ್ಯಾದೆಯಾಗಿ ಬಂದ ಬೀಗರು ಎರಡು ಬೆರಳು ಗಿಡ್ಡವಾಗಿದ್ದರು! ತುರುವೇಕೆರೆಯಿಂದ ಕೆಲಸಕ್ಕೆ ಬಂದಿದ್ದ ಮೇಸ್ತ್ರಿ ಕಾರಿನಡಿಯಿಂದಲೇ ಕೂಗಿದ, "ಯಜಮಾನ್ರೇ, ಅಳತೆ ಯಾವುದ್ರಲ್ಲಿ ತಗಂಡಿದ್ರಿ?" ಮಾವ ಜೇಬಿನಿಂದ ತೆಂಗಿನ ನಾರಿನ ಹುರಿ ತೆಗೆದು ತೋರಿಸಿದರು. ಹೊಸೆದವರೂ ಅವರೇ. ಲೇತಿಗೆ ಹೋಗುವ ದಾರಿಯಲ್ಲಿ ಮಳೆ ಬಂದಿತ್ತು, ಜೇಬು ನೆಂದಿತ್ತು, ಹುರಿ ಕುಗ್ಗಿತ್ತು. ಈಗ ಒಣಗಿ ಮತ್ತೆ ಸರಿಯಾದ ಉದ್ದಕ್ಕೆ ಬಂದು, ತನಗೇನೂ ಗೊತ್ತಿಲ್ಲ ಎಂಬಂತೆ ಮಾವನ ಕೈಯಲ್ಲಿ ನೇತಾಡುತ್ತಿತ್ತು.

"ನೆಂದ ಹುರಿ ಕುಗ್ಗದೆ ಇನ್ನೇನು ಹಿಗ್ತದಾ? ತಪ್ಪು ಮಳೇದು," ಅಂದರು ಮಾವ.

"ನನ್ನ ಹೊಲಿಗೆ ಡಬ್ಬೀಲಿ ಟೇಪಿತ್ತು, ಕೇಳಿದ್ರೆ ಕೊಡ್ತಿರ್ಲಿಲ್ವಾ?" ಅಂದರು ಜಗುಲಿಯಲ್ಲಿದ್ದ ಅತ್ತೆ.

ಹೊಸ ಶಾಫ್ಟು ಬಂದು, ಎಲ್ಲ ಜೋಡಿಸಿ, ಪರೀಕ್ಷೆಯ ದಿನ ಬಂತು. ಮೇಸ್ತ್ರಿ ಒಳಗೆ ಕೂತ. ಮಾವ ಕಾರಿನ ಮುಂದೆ ತೆಂಗಿನಕಾಯಿ ಒಡೆದು, "ಮುಂದಕ್ಕೆ ಬುಡಪ್ಪ" ಎಂದು ದಾರಿ ಬಿಟ್ಟರು. ಮೇಸ್ತ್ರಿ ಮುಂದಕ್ಕೇ ಹಾಕಿದ. ಕಾರು ಮಾತ್ರ ಗಂಭೀರವಾಗಿ ಹಿಂದಕ್ಕೆ ಹೊರಟು, ಹಿತ್ತಲಿನ ಕಾಯಿ ಸಿಪ್ಪೆಯ ಗುಡ್ಡೆಯೊಳಗೆ ಅರ್ಧ ಹೂತುಕೊಂಡಿತು. ಆಕ್ಸಲ್ಲನ್ನು ತಲೆಕೆಳಗಾಗಿ ಕೂರಿಸಿದ್ದರಿಂದ ಚಕ್ರ ಉಲ್ಟಾ ತಿರುಗುತ್ತಿತ್ತು. ಮಾವನ ಮುಖ ನೋಡಬೇಕಿತ್ತು ನೀವು! ಆದರೂ ಸೋಲೊಪ್ಪುವ ಆಸಾಮಿಯೇ? "ಹಿಂದಕ್ಕೆ ಎಷ್ಟು ನುಣ್ಣಗೆ ಹೋಯ್ತು ನೋಡ್ದೇನ್ಲಾ? ಮುಂದಕ್ಕೆ ಇನ್ನೂ ಸುಲಭ."

"ಹಿಂಗೇ ಇರ್ಲಿ ಬುಡಿ," ಅಂದರು ಅತ್ತೆ. "ಮಾರ್ಕೆಟ್ಟಿಗೆ ಬೆನ್ನು ಹಾಕ್ಕಂಡೇ ಹೋದ್ರಾಯ್ತು." ಹೇಳಿ ನಕ್ಕರು. ಕಾಯಿಲೆ ಬಿದ್ದ ಮೇಲೆ ಅತ್ತೆ ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಮಾವ ಸಿಪ್ಪೆಯ ಗುಡ್ಡೆ ಮರೆತು ಅವರನ್ನೇ ನೋಡುತ್ತ ನಿಂತಿದ್ದರು.

ಆಕ್ಸಲ್ಲು ಸರಿಹೋಯಿತು. ಉಳಿದದ್ದು ಕ್ಲಚ್ಚಿನ ಪೆಡಲು. ಇನ್ನು ಅದಕ್ಕೆ ಕೆಲಸವಿಲ್ಲ, ಬಿಚ್ಚಿಬಿಡುತ್ತೇನೆ ಎಂದ ಮೇಸ್ತ್ರಿ. ಬೇಡವೆಂದರು ಮಾವ. ಬೇಡವೆಂದಿದ್ದಷ್ಟೇ ಅಲ್ಲ, ಯಾವುದಕ್ಕೂ ಕೂಡಿರದ ಆ ಪೆಡಲಿಗೆ ಒಂದು ಸ್ಪ್ರಿಂಗು ಹಾಕಿಸಿದರು. ಕೈಯಿಂದ ಒತ್ತಿ ನೋಡಿ, "ಬಿಗಿಯಾಯ್ತು, ಇನ್ನೂ ಹಗುರದ್ದು ಹಾಕು" ಎಂದು ಸ್ಪ್ರಿಂಗಿನ ಮೇಲೆ ಸ್ಪ್ರಿಂಗು ಬದಲಾಯಿಸಿದರು. ಮಾವನಿಗೆ ತಲೆ ಪೂರ್ತಿ ಕೆಟ್ಟಿತು ಎಂದುಕೊಂಡು ನಾನು ಮೇಸ್ತ್ರಿಯ ಕಡೆ ಕಣ್ಣು ಹೊಡೆದೆ.

ಮೊದಲ ಸವಾರಿ ದಬ್ಬೇಘಟ್ಟದ ಕಡೆಗೆ. ಬಲಗಡೆ ಅತ್ತೆ, ಎಡಗಡೆ ಮಾವ, ಹಿಂದೆ ದೇವರನ್ನು ನೆನೆಯುತ್ತ ನಾನು. ಅತ್ತೆ ಕೀ ತಿರುಗಿಸಿದರು. ಗೇರಿಗೆ ಕೈ ಹಾಕುವ ಮೊದಲು ಹಳೆಯ ಅಭ್ಯಾಸದಂತೆ ಎಡಗಾಲು ಕ್ಲಚ್ಚಿಗೆ ಹೋಗಲು ನೋಡಿತು. ಪಾದ ಏಳಲಿಲ್ಲ. ಅತ್ತೆ ಎರಡೂ ಕೈಯಿಂದ ಮೊಣಕಾಲೆತ್ತಿ ಪೆಡಲಿನ ಮೇಲಿಟ್ಟುಕೊಂಡು ಒತ್ತಿದರು. ಪೆಡಲು ಮೆಲ್ಲಗೆ ಒಳಗೆ ಹೋಯಿತು.

"ಹೋಯ್ತು ಕಣ್ರೀ," ಅಂದರು ಅತ್ತೆ. ಆಮೇಲೆ, "ಇದ್ಯಾಕೆ ಇಷ್ಟು ಹಗುರ?"

"ಹೊಸಾ ಗೇರ್ ಬಾಕ್ಸು ಅಂದ್ರೆ ಹಂಗೇ ಕಣೇ," ಅಂದರು ಮಾವ, ಕಿಟಕಿಯಾಚೆ ನೋಡುತ್ತ.

ಈಗ ದಿನಾ ಸಂಜೆ ಇಬ್ಬರೂ ಮಾಯಸಂದ್ರದವರೆಗೆ ಹೋಗಿಬರುತ್ತಾರೆ. ಬದಲಾಯಿಸಲು ಗೇರೇ ಇಲ್ಲ, ಆದರೂ ರಸ್ತೆಯ ಪ್ರತಿ ಉಬ್ಬಿಗೂ ಪ್ರತಿ ತಿರುವಿಗೂ ಅತ್ತೆಯ ಎಡಗಾಲು ಕ್ಲಚ್ಚು ಒತ್ತುತ್ತದೆ. ಮೊಣಕಾಲಿಗೆ ಕೈ ಕೊಡುವುದು ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ. ಮೊನ್ನೆ ನಾನೂ ಹಿಂದಿನ ಸೀಟಿನಲ್ಲಿದ್ದೆ. ಅತ್ತೆ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: "ರೀ, ಈ ಪೆಡಲು ಯಾವುದಕ್ಕೂ ಕೂಡಿಲ್ಲ ಅಂತ ನಂಗೆ ಮೊದಲ ದಿನವೇ ಗೊತ್ತಾಯ್ತು. ಆದ್ರೂ ಇದಕ್ಕೆ ಒಸಿ ಬಿಗಿಯಾಗಿರೋ ಸ್ಪ್ರಿಂಗು ಹಾಕ್ಸಿ. ಕಾಲಿಗೆ ಇದು ಸಾಲ್ತಿಲ್ಲ ಈಗ."

ಮೂರು ತಾಲೂಕಿಗಾಗುವಷ್ಟು ಮಾತಾಡುವ ಮಾವ ಎಲೆಯಡಿಕೆ ಚೀಲ ಹುಡುಕತೊಡಗಿದರು. ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಹಿಂದಕ್ಕೆ ತಿರುಗಿ, "ಭಾನುವಾರ ಬಿಡುವಾಗಿದ್ದೀಯೇನ್ಲಾ? ಗುಜರಿಗೆ ಹೋಗ್ಬೇಕು" ಅಂದರು.

"ಬಿಳಿ ಪಂಚೆ ಉಟ್ಕಂಡೇ ಬತ್ತೀನಿ ಮಾವ," ಅಂದೆ.