ಫ್ರೀಜರಿನಲ್ಲಿ ಟೂ-ಸ್ಟ್ರೋಕ್ ಆಯಿಲ್

‘ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಹೊರಡುವುದು ಬಲು ಕಷ್ಟ. ಜನ್ಮದಲ್ಲಿ ಕಾಣದ ಬೀದಿಗೂ ಎಡಕ್ಕೆ, ಬಲಕ್ಕೆ ಎಂದು ಕೈ ತೋರಿಸಿ ದಾರಿಹೋಕರನ್ನು ಕಳಿಸಿದ ಪಾಪ ನನ್ನ ತಲೆಯ ಮೇಲಿದೆ. ಸ್ಯಾನ್ ಡಿಯಾಗೋಗೆ ಬಂದ ಮೇಲಾದರೂ ಈ ಚಾಳಿ ಬಿಡಬೇಕಿತ್ತು. ಇಲ್ಲಿಯ ಜನ ಹೇಳಿದ್ದನ್ನು ನಂಬಿಬಿಡುತ್ತಾರೆ.

ನಮ್ಮ ಮ್ಯಾನೇಜರ್ ಗ್ಯಾರಿ ಮಿನ್ನೆಸೋಟಾದವನು. ಅಲ್ಲಿ ಚಳಿಗಾಲಕ್ಕೆ ಕೆರೆಗಳೆಲ್ಲ ಹೆಪ್ಪುಗಟ್ಟಿ, ಜನ ಅದರ ಮೇಲೆ ಕುರ್ಚಿ ಹಾಕಿಕೊಂಡು, ಐಸಿಗೆ ತೂತು ಕೊರೆದು ಮೀನು ಹಿಡಿಯುತ್ತಾರಂತೆ. ಕೊರೆಯುವುದಕ್ಕೆ ಆಗರ್ ಅಂತ ಒಂದು ಯಂತ್ರ. ಎದೆಯೆತ್ತರದ ಬೈರಿಗೆ, ಅದರ ನೆತ್ತಿಯ ಮೇಲೆ ಪುಟ್ಟ ಟೂ-ಸ್ಟ್ರೋಕ್ ಎಂಜಿನ್. 2003ರ ಜನವರಿಯಲ್ಲಿ ಅವನ ಅಣ್ಣ ತನ್ನ ಹಳೆಯದನ್ನು ಕಳಿಸಿಕೊಟ್ಟ. ಗ್ಯಾರಿಗೆ ಇಲ್ಲಿಂದ ಉತ್ತರಕ್ಕೆ, ಬೆಟ್ಟದ ಮೇಲೆ ಹೆಪ್ಪುಗಟ್ಟುವ ಕೆರೆಗೆ ಹೋಗುವ ಹುರುಪು. “ಪೆಟ್ರೋಲಿಗೆ ಯಾವ ಆಯಿಲ್ ಬೆರೆಸಬೇಕೋ” ಎಂದು ಊಟದ ಹೊತ್ತಿನಲ್ಲಿ ಗೊಣಗಿದ.

ಟೀಮ್ ಲೀಡ್ ಜಾಗ ಖಾಲಿಯಿದ್ದ ಕಾಲ ಅದು. ನಾನು ಚಿತ್ರಾನ್ನದ ಡಬ್ಬಿ ಪಕ್ಕಕ್ಕೆ ಸರಿಸಿ, “ಬೆಂಗಳೂರಿನವನನ್ನ ಕೇಳೋ ಪ್ರಶ್ನೆಯಾ ಇದು? ನಾವು ಬೆಳೆದಿದ್ದೇ ಟೂ-ಸ್ಟ್ರೋಕ್ ಹೊಗೆಯಲ್ಲಿ” ಎಂದುಬಿಟ್ಟೆ. ಹೊಗೆಯ ಮಾತು ನಿಜ. ಆದರೆ ಅದನ್ನು ಕುಡಿದದ್ದು ಬಸ್ ಸ್ಟಾಪಿನಲ್ಲಿ ನಿಂತು. ಓಡಿಸಿದ ಗಾಡಿ ಸೈಕಲ್ ಒಂದೇ. ಗ್ಯಾರಿ ಖುಷಿಯಾಗಿ, ಆಯಿಲ್ ನೀನೇ ಆರಿಸು, ಟ್ರಕ್ಕಿನಲ್ಲಿ ಒಂದು ಸೀಟಿದೆ, ನೀನೂ ಬಾ ಎಂದ. ಮ್ಯಾನೇಜರ್ ಪಕ್ಕದಲ್ಲಿ ಏಳು ಗಂಟೆ ಡ್ರೈವ್. ಲೀಡ್ ಆಗುವುದಕ್ಕೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಅಂಗಡಿಯಲ್ಲಿ ಮೂರು ಥರದ ಆಯಿಲ್ ಇತ್ತು: ದೋಣಿಯ ಚಿತ್ರದ್ದು, ಗರಗಸದ ಚಿತ್ರದ್ದು, ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಯ ಚಿತ್ರದ, ಧೂಳು ಹಿಡಿದದ್ದು. ಐಸ್ ಅಂದರೆ ನೀರು, ನೀರು ಅಂದರೆ ದೋಣಿ, ಎಂದು ನನ್ನ ಎಂಜಿನಿಯರಿಂಗ್ ಬುದ್ಧಿ ತೀರ್ಮಾನಿಸಿತು. ಆದರೂ ಈ ದೇಶದಲ್ಲಿ ವಾಪಸ್ ಕೊಡಬಹುದಲ್ಲ ಎಂಬ ಧೈರ್ಯದಿಂದ ಮೂರನ್ನೂ ತಂದು ಅಡುಗೆಮನೆಯಲ್ಲಿಟ್ಟು, ದೋಣಿಯದನ್ನು ಹೆಂಡತಿ ವನಜಾಗೆ ಹೆಮ್ಮೆಯಿಂದ ತೋರಿಸಿದೆ. ಅವಳು ತುಮಕೂರಿನಲ್ಲಿ ಆರು ವರ್ಷ ಮೊಪೆಡ್ ಓಡಿಸಿ, ಪ್ಲಗ್ಗನ್ನು ತಾನೇ ಬಿಚ್ಚಿ ಉಜ್ಜಿ ಹಾಕಿಕೊಂಡವಳು.

“ಎಂಜಿನ್ ನೀರೊಳಗೆ ಮುಳುಗುತ್ತೇನ್ರೀ?” ಎಂದಳು.

“ಇಲ್ಲ, ಮೇಲಿರುತ್ತೆ.”

“ಮತ್ತೆ ಇದ್ಯಾಕೆ? ಇದು ನೀರಿಂದ ತಣ್ಣಗಾಗೋ ಎಂಜಿನ್‌ಗೆ. ನಿಮ್ಮ ಬಾಸಿಂದಕ್ಕೆ ಗಾಳಿನೇ ಗತಿ, ನನ್ನ ಮೊಪೆಡ್ ಥರ. ಅಲ್ದೆ ಚಳಿಗೆ ಗಟ್ಟಿಯಾದ್ರೆ? ಡಿಸೆಂಬರ್‌ನಲ್ಲಿ ಕೊಬ್ಬರಿ ಎಣ್ಣೆ ಕಲ್ಲಾಗಲ್ವಾ?”

ಬಾಟಲಿ ನನ್ನ ಕೈಯಿಂದ ಅವಳ ಕೈಗೆ ಹೋಯಿತು. ಮೂರನ್ನೂ ಖಾಲಿ ಉಪ್ಪಿನಕಾಯಿ ಸೀಸೆಗಳಿಗೆ ಸ್ವಲ್ಪ ಸ್ವಲ್ಪ ಸುರಿದು, ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ತಂದ ತೆಂಗಿನತುರಿಯ ಪಕ್ಕ ಫ್ರೀಜರಿನಲ್ಲಿಟ್ಟಳು. ಮಾರನೇ ದಿನ ಬಗ್ಗಿಸಿ ನೋಡಿದರೆ ದೋಣಿಯದು ಜೋನಿಬೆಲ್ಲದ ಹಾಗೆ ಎಳೆಯುತ್ತಿತ್ತು, ಗರಗಸದ್ದು ಮನಸ್ಸಿಲ್ಲದೆ ಕದಲಿತು, ಸ್ನೋಮೊಬೈಲಿನದು ಸಲೀಸಾಗಿ ಹರಿಯಿತು. ನನಗೆ ನಾಚಿಕೆಯಾಯಿತು. ಅವಳು ಸರಿಯಾಗಿ ಹೇಳಿದಳಲ್ಲ ಎಂದು ಸಿಟ್ಟು ಅದಕ್ಕಿಂತ ಹೆಚ್ಚು ಬಂತು.

ಶನಿವಾರ ಬೆಳಿಗ್ಗೆ ಗ್ಯಾರಿಯೂ ಅವನ ಹೆಂಡತಿ ಬಾರ್ಬೂ ಆಗರ್ ಸಮೇತ ರಾಂಚೊ ಬರ್ನಾರ್ಡೊದ ನಮ್ಮ ಗರಾಜಿಗೆ ಬಂದರು. “ಎಷ್ಟಕ್ಕೆ ಎಷ್ಟು?” ಎಂದು ಗ್ಯಾರಿ ನನ್ನನ್ನು ಕೇಳಿದ. ನಾನು ವನಜಾಳ ಮುಖ ನೋಡಿದೆ. ಅವಳು ಟ್ಯಾಂಕಿನ ಮೇಲೆ ಅಂಟಿಸಿದ್ದ ಚೀಟಿ ಓದಿ, ಸ್ನೋಮೊಬೈಲ್ ಆಯಿಲನ್ನು ಅಳೆದು ಪೆಟ್ರೋಲಿಗೆ ಬೆರೆಸಿ, ಕ್ಯಾನ್ ಕುಲುಕಿ ತುಂಬಿಸಿದಳು. ಸ್ಟಾರ್ಟ್ ಮಾಡುವ ದಾರವನ್ನು ನಾನು ಏಳು ಸಲ ಎಳೆದೆ; ಯಂತ್ರ ಕೆಮ್ಮಲೂ ಇಲ್ಲ. ಅವಳು ಚೋಕ್ ಎಳೆದು ಎರಡನೇ ಸಲಕ್ಕೆ ಶುರು ಮಾಡಿದಳು. ಬಾರ್ಬ್ ಅವಳ ಕೈ ಹಿಡಿದು, “ಕೆರೆಯ ಮೇಲೆ ಇದು ಕೈಕೊಟ್ಟರೆ? ನೀನೇ ಬಾ” ಎಂದಳು. ಸೀಟು ಇದ್ದದ್ದು ಒಂದೇ. ಲಾಂಗ್ ವೀಕೆಂಡ್ ಮೂರೂ ದಿನ ನಾನೂ ಮಗಳೂ ನೂಡಲ್ಸ್ ತಿಂದೆವು.

ಮಂಗಳವಾರ ಗ್ಯಾರಿ ಕ್ಯಾಬಿನ್ನಿಗೆ ಕರೆದ. ಲೀಡ್ ಆಸೆಗೆ ಎಳ್ಳುನೀರು ಬಿಟ್ಟೇ ಹೋಗಿದ್ದೆ.

“ಲೀಡ್ ನೀನೇ” ಎಂದ. “ಇಲ್ಲಿ ಎಲ್ಲರೂ ಎಲ್ಲ ಗೊತ್ತು ಅಂತಾರೆ. ಗೊತ್ತಿಲ್ಲದ್ದನ್ನ ಗೊತ್ತಿರೋರ ಹತ್ರ ಕೇಳೋ ವಿನಯ ನಿನ್ನೊಬ್ಬನಿಗೇ ಇದೆ.”

ಕೇಳಿದವನು ನಾನಲ್ಲ, ಬಾಟಲಿ ಕಿತ್ತುಕೊಂಡವಳು ಅವಳು ಎಂದು ಹೇಳಲು ಬಾಯಿ ತೆರೆದೆ.

“ಹೌದು ಗ್ಯಾರಿ, ಚಿಕ್ಕಂದಿನಿಂದಲೂ ನಾನು ಹಾಗೇ” ಎಂದೆ.