ಗಂಟಲು ಕಟ್ಟಿದ ರೆಕಾರ್ಡು

ಹೆಣ್ಣುಮಗಳೊಬ್ಬಳು ಹಾಡಿದ ರೆಕಾರ್ಡು ಇಟ್ಟಲ್ಲೇ ಇದ್ದು ಗಂಡಸಿನ ದನಿ ತೆಗೆಯಬಹುದೇ? ಎಪ್ಪತ್ತಾರನೆಯ ಇಸವಿಯಲ್ಲಿ ವಿಜಾಪುರದ ಜೋರಾಪುರ ಪೇಟೆಯ ಗೈಬುಸಾಬನ ತಲೆ ತಿಂದ ಪ್ರಶ್ನೆ ಇದು. ಆ ಹುಳ ಬಿಟ್ಟವನು ಹೆಂಡತಿ ಅಬೇದಾಳ ಅಣ್ಣ, ತಿಕೋಟಾದ ಚಮನಸಾಬ. ಮೂರು ತಿಂಗಳ ಹಿಂದೆ ಇದೇ ಹಾಡು ಕೇಳಿ ತಲೆದೂಗಿ ಹೋಗಿದ್ದ ಮನುಷ್ಯ, ಈ ಸಲ ಚಹಾದ ಬಸಿಯನ್ನು ತುಟಿಯ ಹತ್ತಿರವೇ ನಿಲ್ಲಿಸಿದ.

“ಆವಾಗ ಹೆಣ್ಣಮಗಳು ಹಾಡಿದ್ಳು. ಈಗ ಯಾವನೋ ಗಂಡಸು ಹಾಡಾಕತ್ತಾನಲ್ರಿ?”

“ಅದಾ ರೆಕಾರ್ಡು, ಅದಾ ಹೆಣ್ಣಮಗಳು!”

“ಹಂಗಾರ ಆಕಿಗೆ ಮೀಸಿ ಬಂದಾವು.”

ದಿನಾ ಸಂಜೆ ಕೇಳುವ ಗೈಬುಸಾಬನಿಗೆ ಅಲ್ಲಿಯವರೆಗೆ ಏನೂ ವ್ಯತ್ಯಾಸ ಕಂಡಿರಲಿಲ್ಲ. ಅಂದಿನಿಂದ ಮಾತ್ರ ಒಂದು ಸಾಲು ಹೆಣ್ಣಿನದು, ಇನ್ನೊಂದು ಗಂಡಿನದು ಅನ್ನಿಸತೊಡಗಿತು. ಬೇರೆ ಹೊತ್ತಾಗಿದ್ದರೆ ಬಿಡುತ್ತಿದ್ದನೇನೋ. ಇನ್ನು ನಾಲ್ಕೇ ದಿನಕ್ಕೆ ಬಬಲೇಶ್ವರದಲ್ಲಿ ಅವನ ಅಕ್ಕ ಮಾಶಾಬಿಯ ಮಗಳಿಗೆ ಅರಿಶಿನ ಹಚ್ಚುವುದಿತ್ತು. “ಢೋಲಕ ಬಾರಿಸಾವರು ಯಾಕ ಬೇಕು? ನನ್ನ ಮಷೀನ್ ಐತಿ” ಎಂದು ಎದೆ ತಟ್ಟಿ ಹೇಳಿ ಬಂದವನು ಇವನೇ. (ಕರೆಂಟಿಲ್ಲದೆ ಬರೀ ಬ್ಯಾಟರಿ ಶೆಲ್ಲಿನ ಮೇಲೆ ನಡೆಯುವ ಅಂಥ ರೆಕಾರ್ಡ್ ಪ್ಲೇಯರು ನೆಂಟರಲ್ಲಿ ಇನ್ಯಾರ ಬಳಿಯೂ ಇರಲಿಲ್ಲ. ಅವನ ಮರ್ಯಾದೆಯಲ್ಲಿ ಮುಕ್ಕಾಲು ಪಾಲು ಅದರದೇ.) ಅಬೇದಾ, ಪಕ್ಕದ ಮನೆಯ ಗುಲಶನ ಮತ್ತು ಓಣಿಯ ಐದಾರು ಹೆಂಗಸರು ಎರಡು ತಿಂಗಳಿಂದ ಆ ಹಾಡಿಗೇ ಹೆಜ್ಜೆ, ಚಪ್ಪಾಳೆ ಕಲಿತು ಕೂತಿದ್ದರು. ಮದುಮಗಳ ಮುಂದೆ ಗಂಡಸಿನ ದನಿ ಹೊರಟರೆ ಅಕ್ಕ ಸುಮ್ಮನೆ ಬಿಡುತ್ತಾಳೆಯೇ?

ಮಹಾಸಂಶೋಧನೆ ಆರಂಭವಾಯಿತು. ಮೊದಲು ಸೂಜಿ ಬದಲಾಯಿತು. ಕರಕರ ಹೋಯಿತು, ಗಂಡಸು ಹೋಗಲಿಲ್ಲ. ಬಿಸಿಲಿಗೆ ರೆಕಾರ್ಡಿನ ತಟ್ಟೆ ಬಾಗಿರಬೇಕೆಂದು ಅದನ್ನು ಒಂದು ದಿನವಿಡೀ ಎರಡು ಜೋಳದ ಚೀಲಗಳ ನಡುವೆ ಮಲಗಿಸಿದ. ಗಂಡಸು ವಿಶ್ರಾಂತಿ ಪಡೆದು ಮತ್ತೂ ಆರಾಮಾಗಿ ಹಾಡಿದ. ಕಡೆಗೆ ಗೈಬುಸಾಬ, ಎಲ್ಲ ಗಂಡಂದಿರಂತೆ, ಅಡುಗೆಮನೆಯ ಕಡೆ ತಿರುಗಿದ.

“ನಿನ್ನ ಒಗ್ಗರಣಿ ಹೊಗಿನಾ ಇದಕ್ಕ ಕಾರಣ!”

“ಹೌದ್ರಿ, ರೆಕಾರ್ಡಿನ್ಯಾಗ ಕುಂತಾಕಿಗೆ ಘಾಟ ಹತ್ತಿ ಗಂಟಲಾ ಕಟ್ಟೈತಿ! ನನಗ ಹನ್ನೆರಡ ವರ್ಷದಿಂದ ಹತ್ತೈತಿ, ಯಾರರ ವಿಚಾರಿಸ್ಯಾರೇನು?”

“ಖರೇ ಹೇಳು. ದನಿ ಬದಲಾದಂಗ ಕೇಳಸ್ತೈತೋ ಇಲ್ಲೋ?”

“ದಿನಾ ಎತ್ತಿಕೊಳ್ಳಾಕಿಗೆ ಕೂಸು ಬೆಳದದ್ದು ಗೊತ್ತಾಕ್ಕೈತೇನ್ರಿ? ನಮಗ ಇದಾ ಚಂದ ಐತಿ. ಮುಟ್ಟಬ್ಯಾಡ್ರಿ.”

ಮುಟ್ಟಬೇಡ ಎಂದದ್ದನ್ನು ಮುಟ್ಟದಿದ್ದರೆ ಅವನು ಗೈಬುಸಾಬನೇ ಅಲ್ಲ. ಪ್ಲೇಯರನ್ನು ಬಗಲಿಗೇರಿಸಿ ರೇಡಿಯೊ ರಿಪೇರಿಯ ಮಶಾಕಸಾಬನಲ್ಲಿಗೆ ಹೋದ. ಮಶಾಕಸಾಬ ಅದನ್ನು ಬೋರಲು ಹಾಕಿ ಮುಚ್ಚಳ ತೆಗೆದು ನಕ್ಕ.

“ಈ ಶೆಲ್ಲು ಸಾಯಾಕತ್ತಾವ್ರಿ. ತಟ್ಟಿ ದಿನಾ ಒಂಚೂರು ನಿಧಾನ ತಿರಗಕೋತ ಬಂದೈತಿ. ನಿಧಾನಾದ್ರ ದನಿ ದಪ್ಪಾಕ್ಕೈತಿ. ದಿನಾ ಕೇಳಾವರ ಕಿವಿ ಅದಕ್ಕಾ ಹೊಂದಕೋತ ಹೊಕ್ಕೈತಿ.”

ಹಳೆಯ ಆರು ಶೆಲ್ಲು ಗಟಾರಕ್ಕೆ ಬಿದ್ದವು, ಹೊಸ ಆರು ಒಳಗೆ ಹೋದವು. ಹೆಣ್ಣುಮಗಳು ಹೆಣ್ಣುಮಗಳಾಗಿ ಮರಳಿದಳು! ಗೈಬುಸಾಬನಿಗೆ ಹಿಗ್ಗೋ ಹಿಗ್ಗು. ಬಬಲೇಶ್ವರದಲ್ಲೇ ಎಲ್ಲರನ್ನೂ ದಂಗುಬಡಿಸಬೇಕೆಂದು ಮನೆಯಲ್ಲಿ ಬಾಯಿ ಬಿಡಲಿಲ್ಲ.

ಅರಿಶಿನದ ದಿನ ಮದುಮಗಳು ಮಣೆಯ ಮೇಲೆ ಕೂತಳು. ಗೈಬುಸಾಬ ಸೂಜಿ ಇಟ್ಟ. ಹೆಂಗಸರು ಎತ್ತಿದ ಕಾಲು ಇಳಿಸುವಷ್ಟರಲ್ಲಿ ಮೊದಲ ನುಡಿ ಮುಗಿದಿತ್ತು. ಎರಡನೆಯದಕ್ಕೆ ಗುಲಶನಳ ಚಪ್ಪಾಳೆ ಅಬೇದಾಳ ಕೆನ್ನೆಯ ಮೇಲೆ ಬಿತ್ತು. ಹಾಡಿನ ಲಯಕ್ಕೆ ಅರಿಶಿನ ಹಚ್ಚುತ್ತಿದ್ದವರ ಬೆರಳು ತಪ್ಪಿ ಮದುಮಗಳ ಮೂಗಿನೊಳಕ್ಕೆ ಹೋಯಿತು.

“ಬಂದ್ ಮಾಡೋ ಗೈಬು!” ಮಾಶಾಬಿ ಗುಡುಗಿದಳು. “ಯಾರಿಗೆ ಬಸ್ ತಪ್ಪಾಕತ್ತೈತಿ?”

“ಆಪಾ, ಇದಾ ಖರೇ ದನಿ!”

“ಎರಡ ತಿಂಗಳ ಕೇಳೇವಿ, ನಮಗ ಗೊತ್ತಿಲ್ಲೇನು?” ಎಂದಳು ಅಬೇದಾ. “ಮುಟ್ಟಬ್ಯಾಡ್ರಿ ಅಂತ ಬಡಕೊಂಡೆ. ಕೆಡಿಸಿ ತಂದಾರ ನೋಡ್ರಿ.”

ಗೈಬುಸಾಬ ಸಾಕ್ಷಿಗಾಗಿ, ಅರಿಶಿನಕ್ಕೆ ಬಂದಿದ್ದ ಚಮನಸಾಬನ ಮುಖ ನೋಡಿದ.

“ಈಗ ಯಾವದೋ ಕೂಸು ಹಾಡಿದಂಗ ಐತ್ರಿ” ಎಂದ ಆ ಪುಣ್ಯಾತ್ಮ.

ಗೈಬುಸಾಬ ಪ್ಲೇಯರಿಗೆ ಕಿವಿ ಹಚ್ಚಿದ. ಅಲ್ಲಾನ ಆಣೆ, ಅವನಿಗೂ ಕೂಸೇ ಕೇಳಿಸಿತು! ಗಂಡಸು, ಹೆಂಗಸು, ಕೂಸು: ಇವರಲ್ಲಿ ಯಾರು ಖರೆ ಎಂಬುದು ತಿಳಿಯದೆ ಬೆವತುಹೋದ.

“ಮೊದಲಿನಂಗ ಮಾಡಿ ಕೊಡು. ಅಲ್ಲೀತನಕ ಹುಡುಗಿ ಮಣಿ ಬಿಟ್ಟು ಏಳಂಗಿಲ್ಲ” ಎಂದಳು ಅಕ್ಕ.

ಹೀಗಾಗಿ ಆ ಮಧ್ಯಾಹ್ನ ಅತ್ತರು ಬಳಿದುಕೊಂಡ ಒಬ್ಬ ಮನುಷ್ಯ, ಕರವಸ್ತ್ರದಲ್ಲಿ ಹೊಚ್ಚಹೊಸ ಶೆಲ್ಲು ಕಟ್ಟಿಕೊಂಡು ಬಬಲೇಶ್ವರದ ಮನೆಮನೆಯ ಮುಂದೆ ನಿಂತ.

“ಯವ್ವಾ, ನಿಮ್ಮ ಮನ್ಯಾಗ ಸತ್ತ ಶೆಲ್ಲು ಅದಾವೇನ್ರಿ? ಬದಲಿ ಹೊಸಾವ ಕೊಡ್ತೀನಿ.”

ಹೊಳೆವ್ವ ಎಂಬ ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಪೂರಾ ಸತ್ತಾವು ಬೇಕೋ, ಅರ್ಧ ಸತ್ತಾವೋ?”

“ಅರ್ಧ, ಯವ್ವಾ. ಅರ್ಧಾನ ಬೇಕು.”

ನಾಲ್ಕು ಮನೆ ತಿರುಗಿ ಆರು ಶೆಲ್ಲು ಕೂಡಿಸಿ ತಂದು ಹಾಕಿದ. ಗಂಡಸು ಭಾರವಾಗಿ, ನಿಧಾನವಾಗಿ ಹಾಡತೊಡಗಿದ. ಹೆಜ್ಜೆಗಳು ಕೂಡಿದವು, ಅರಿಶಿನ ಕೆನ್ನೆಗೆ ಬಂತು.

“ಈಗ ನೋಡು, ಖರೇ ಹೆಣ್ಣಮಗಳು ಹಾಡಿದಂಗ ಐತಿ!” ಮಾಶಾಬಿ ತಮ್ಮನ ಬೆನ್ನು ಚಪ್ಪರಿಸಿದಳು.

ಅಬೇದಾ ನೆರೆದವರಿಗೆಲ್ಲ ಹೆಮ್ಮೆಯಿಂದ ಸಾರಿದಳು: “ನಮ್ಮನಿಯವರು ಮಷೀನ್ ರಿಪೇರಿಯೊಳಗ ಭಾಳ ಹುಶಾರ್ ಅದಾರ್ರಿ!”

ಅವನು ಊಟಕ್ಕೆ ಕೂತು ಮೊದಲ ತುತ್ತು ಎತ್ತುವಷ್ಟರಲ್ಲಿ ಎದುರಿಗೆ ಎರಡು ರೇಡಿಯೊ, ಒಂದು ಗೋಡೆ ಗಡಿಯಾರ ಮತ್ತು ಯಾರದೋ ಹೊಲಿಗೆ ಮಷೀನು ಸಾಲಾಗಿ ಬಂದು ಕೂತವು.