ಸೈಕಲ್ ಹತ್ತಿದವರು, ಕೂಡಲಾರದವರು

ಸೈಕಲ್ ಕಲಿಯುವವರು ಬೀಳುವುದು ಎರಡು ದಿನದ ಮಾತು. ಮೂರನೆಯ ದಿನದಿಂದ ಕೂಡುವುದು ಶುರುವಾಗುತ್ತದೆ, ನಿಜವಾದ ಕಷ್ಟ ಅದು. ಧಾರವಾಡದಿಂದ ಬಂದು ಪುಣೆಯ ಸದಾಶಿವ ಪೇಠೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವನು ನಾನು. ಇನ್ನೂ ಇಂಗ್ಲಿಷರ ಆಳಿಕೆ ಇದ್ದ ಕಾಲ. ಆಗಿನ ಸೀಟು ಎಂದರೆ ದಪ್ಪ ಚರ್ಮದ್ದು. ಹೊಸದಿದ್ದಾಗ ಹಲಗೆಗೂ ಅದಕ್ಕೂ ಏನೂ ವ್ಯತ್ಯಾಸವಿರಲಿಲ್ಲ. ಊರಿನಲ್ಲಿ ಹೊಸ ಸೈಕಲ್ ಬರುವುದು ನಿಲ್ಲಲಿಲ್ಲ, ಹಾಗಾಗಿ ಇಂಥ ಪ್ರಸಂಗಗಳೂ ನಿಲ್ಲಲಿಲ್ಲ. ಮೊದಲನೆಯದು ನನ್ನದೇ.

ನಾಲ್ಕು ಮಡಿಕೆ ಕೌದಿ

ಪುಣೆಗೆ ಬಂದ ಹೊಸತು. ಸೈಕಲ್ ಬಿಚ್ಚಿ ಜೋಡಿಸಲು ಕೈ ಪಳಗಿತ್ತು, ಆದರೆ ಪೇಠೆ ದಾಟಿ ಹೊಡೆದದ್ದಿರಲಿಲ್ಲ. ಆಗ ತಳೇಗಾಂವ ದಾಭಾಡೆಯಲ್ಲಿ ನನಗೆ ನೋಡಲು ಒಂದು ಹೆಣ್ಣು ಗೊತ್ತಾಯಿತು. ಹುಡುಗಿಯ ತಂದೆ ಬೆಳಗಾವಿ ಕಡೆಯವರು, ತಳೇಗಾಂವದಲ್ಲಿ ಕಾರಕೂನಿಕೆ ಮಾಡಿಕೊಂಡಿದ್ದರು. ನನ್ನ ಸೋದರಮಾವ, “ರೈಲಿಗೆ ಹೋಗೋಣು ಬಾರೋ” ಎಂದ. ನಾನು ಕೇಳಲಿಲ್ಲ. ಸ್ವಂತ ಸೈಕಲ್ ಮೇಲೆ ಹೋಗಿ ಇಳಿದರೆ ಹುಡುಗಿಯ ಮನೆಯವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ ಎಂದು ನನ್ನ ಲೆಕ್ಕ. ಹಿಂದಿನ ದಿನವೇ ಹೊಸ ಸೀಟನ್ನೂ ಕೂಡಿಸಿದ್ದೆ.

ಇಪ್ಪತ್ತು ಮೈಲಿ. ದಾರಿ ಅರ್ಧ ಮುಗಿಯುವುದರೊಳಗೆ ನಾನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ ಕೂಡಲು ಶುರುಮಾಡಿದೆ. ತಳೇಗಾಂವ ಬಂದಾಗ ವಾಲಲು ಯಾವ ಕಡೆಯೂ ಉಳಿದಿರಲಿಲ್ಲ.

ಮಾವ ಆಗಲೇ ಬಂದು ಕೂತಿದ್ದ. ಹುಡುಗಿಯ ತಂದೆ ಎದ್ದು ಬಂದು, “ಬರ್ರಿ, ಬರ್ರಿ, ಕೂಡ್ರಿ” ಎಂದು ಮಣೆ ತೋರಿಸಿದರು. ಸಾಗವಾನಿಯ ಮಣೆ, ಮೇಲೆ ಹಿತ್ತಾಳೆಯ ಹೂ ಬಡಿದದ್ದು.

“ಇರ್ಲಿ ರೀ,” ಎಂದು ನಾನು ಗೋಡೆಯ ಮೇಲಿನ ದೇವರ ಪಟ ನೋಡುತ್ತ ನಿಂತೆ.

ಅವರು ಮತ್ತೆ ಕೂಡ್ರಿ ಎಂದರು. ನಾನು ಎರಡನೆಯ ಪಟ ನೋಡಿದೆ. ಒಟ್ಟು ಐದು ಪಟಗಳಿದ್ದವು. ಐದೂ ಮುಗಿದ ಮೇಲೆ ಅವರ ಮುಖ ಸಣ್ಣದಾಯಿತು. ನನ್ನ ಮಾವನ ಕಡೆ ಬಗ್ಗಿ, “ಹುಡುಗಗ ನಮ್ಮ ಮನಿ ಮನಸಿಗೆ ಬಂದಂಗಿಲ್ಲ” ಎಂದರು. ಮಾವ ನನ್ನ ಧೋತರ ಹಿಡಿದು ಕೆಳಗೆ ಜಗ್ಗಿದ. ನಾನು ಕೂತೆ, “ಅಯ್ಯಪ್ಪಾ!” ಎಂದು ಅಷ್ಟೇ ಬೇಗ ಎದ್ದೆ.

ಅವಲಕ್ಕಿಯ ತಾಟು ಹಿಡಿದು ಹುಡುಗಿ ಬಂದದ್ದು ಆಗಲೇ. ಅವಳು ನನ್ನ ಮುಖ ನೋಡಿದಳು, ಕಿಟಕಿಯಾಚೆ ನಿಂತ ಸೈಕಲ್ ನೋಡಿದಳು. ತಾಟು ಇಟ್ಟು ಒಳಗೆ ಹೋಗಿ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ತಂದು ಮಣೆಯ ಮೇಲೆ ಹಾಸಿದಳು.

“ಇದೇನವಾ?” ಎಂದರು ತಂದೆ.

“ಅಣ್ಣ ಸೈಕಲ್ ಕಲತಾಗ ಎಂಟು ದಿನ ಇದರ ಮ್ಯಾಲೇ ಕೂತಿದ್ದಲ್ಲ, ಅಪ್ಪಾ” ಎಂದಳು.

ನಾನು ಕೂತೆ. ಬೆಳಗಿನಿಂದ ಮೊದಲ ಸಲ ಜೀವ ಬಂದಂತಾಯಿತು. ಮಾವ ಕಿವಿಯಲ್ಲಿ, “ಹುಡುಗಿ ಹ್ಯಾಂಗದಾಳೋ?” ಎಂದು ಕೇಳಿದ.

“ಭಾಳ ಮೆತ್ತಗದ,” ಎಂದೆ ನಾನು.

ಮಾವ ಅದನ್ನೇ ಒಪ್ಪಿಗೆ ಎಂದು ತಿಳಿದು ಕೈಮುಗಿದ. ಮದುವೆಗೆ ನಾನು ರೈಲಿಗೆ ಹೋದೆ.

ವೈದ್ಯರ ರೋಗಿ

ಅಂಗಡಿಯ ಎದುರುಗಡೆ ನಮ್ಮ ಕಡೆಯ ಒಬ್ಬ ವೈದ್ಯರಿದ್ದರು. ಸೈಕಲ್ ಹೊಡೆದು ನೋವು ಬಂತೆಂದು ಯಾರು ಹೋದರೂ ಅದು ವಾತ ಎನ್ನುತ್ತಿದ್ದರು. ಒಂದು ಎಣ್ಣೆ ಕೊಡುತ್ತಿದ್ದರು, ಬದನೆಕಾಯಿ ತಿನ್ನುವುದನ್ನು ಬಿಡಿಸುತ್ತಿದ್ದರು. “ಸೀಟು ಮ್ಯಾಲ ಕೆಳಗ ಮಾಡಿದ್ರ ವಾತ ಹೋಗ್ತದೇನು?” ಎಂದು ನನ್ನನ್ನು ನೋಡಿ ನಗುತ್ತಿದ್ದರು.

ಒಂದು ವರ್ಷ ಅವರೇ ಸೈಕಲ್ ಕೊಂಡರು. ಹತ್ತು ದಿನವಾಗಿರಬೇಕು, ಮಧ್ಯಾಹ್ನ ಪೇಠೆಯೆಲ್ಲ ಮಲಗಿದ ಹೊತ್ತಿಗೆ ಸೈಕಲ್ ನೂಕಿಕೊಂಡು ಬಂದರು.

“ನನ್ನ ರೋಗಿ ಒಬ್ಬಾಂವ ಇದಾನ. ಅವಗ ಕೂತಲ್ಲಿ ಭಾಳ ತ್ರಾಸ. ಎಣ್ಣಿಗೆ ಬಗ್ಗವಲ್ಲದು.”

“ಅವನ ಸೈಕಲ್ ತರಸ್ರಿ,” ಎಂದೆ.

“ಇದೇ ಅವನ ಸೈಕಲ್.”

“ಅವನ ಎತ್ತರ ಎಷ್ಟು?”

“ನನ್ನಷ್ಟೇ ಅಂತ ತಿಳೀರಿ.”

ವೈದ್ಯರನ್ನೇ ಹತ್ತಿಸಿ ಗೋಡೆ ಹಿಡಿಸಿದೆ. ಸೀಟಿನ ಮೂತಿ ಆಕಾಶ ನೋಡುತ್ತಿತ್ತು. ಅದನ್ನು ಸಮ ಮಾಡಿದೆ. ಪೆಡಲ್ ಕೆಳಗೆ ಬಂದಾಗ ಹಿಮ್ಮಡಿಗೆ ಅದು ನಿಲುಕುತ್ತಲೇ ಇರಲಿಲ್ಲ. ಸೀಟನ್ನು ಎರಡು ಬೆರಳು ಇಳಿಸಿದೆ. ಆಮೇಲೆ, “ನಿಮ್ಮ ರೋಗಿಗೆ ಹೇಳ್ರಿ, ಧೋತರದ ಕಚ್ಚೆಯ ಗಂಟು ಸೀಟಿನ ಮ್ಯಾಲ ಬರಬಾರದು” ಎಂದೆ. ವೈದ್ಯರು ಅಲ್ಲೇ ಹಿಂದೆ ಕೈ ಹಾಕಿ ಗಂಟನ್ನು ಮೇಲಕ್ಕೆ ಸರಿಸಿಕೊಂಡರು.

ಹೊರಡುವಾಗ ತಿರುಗಿ ನಿಂತು ಸಣ್ಣ ದನಿಯಲ್ಲಿ ಕೇಳಿದರು: “ಪಥ್ಯ?”

“ಏನೂ ಇಲ್ರಿ.”

“ಬದನೀಕಾಯಿ?”

“ತಿನ್ಲಿ ರೀ, ಪಾಪ.”

ಅವತ್ತು ಸಂಜೆ ವೈದ್ಯರ ಮನೆಯಿಂದ ಬಂದ ಎಣ್ಣೆಗಾಯಿಯ ವಾಸನೆಗೆ ಇಡೀ ಓಣಿ ಮೂಗು ಎತ್ತಿತು.

ಮಾಸ್ತರರ ದಿಂಬು

ನಮ್ಮ ಕಡೆಯವರೇ ಆದ ಒಬ್ಬ ಗಣಿತದ ಮಾಸ್ತರರಿಗೆ ಅವರ ಹೆಂಡತಿ ಸೀಟಿನ ಮೇಲೆ ಕಟ್ಟಲು ಹತ್ತಿಯ ದಿಂಬು ಹೊಲಿದುಕೊಟ್ಟಿದ್ದಳು. ನಾಲ್ಕು ಬೆರಳು ದಪ್ಪ, ಸುತ್ತಲೂ ಕೆಂಪು ಅಂಚು. ಮೆತ್ತಗಿದ್ದರೆ ಸುಖ ಎಂದು ಎಲ್ಲರೂ ತಿಳಿಯುತ್ತಾರೆ. ಆದರೆ ಮನುಷ್ಯ ಅದರೊಳಗೆ ಹೂತು ಕೂತರೆ ಒತ್ತಬಾರದ ನರವೆಲ್ಲ ಒತ್ತಿ, ನೋವಿನ ಬದಲು ಜೋಮು ಹಿಡಿಯುತ್ತದೆ. ಮಾಸ್ತರರಿಗೆ ಹಾಗೇ ಆಯಿತು. ಒಂದು ದಿನ ಶಾಲೆಗೆ ಹೋಗಿ ಇಳಿದರೆ ಕಾಲು ತಮ್ಮದೇ ಎಂದು ಅನಿಸಲಿಲ್ಲವಂತೆ. ಹೇಗೋ ವರ್ಗಕ್ಕೆ ಹೋಗಿ ಭಾಗಾಕಾರ ಬರೆಯುತ್ತಿದ್ದಾಗ ಮುಂದಿನ ಸಾಲಿನವರು ಕಿಸಿಕಿಸಿ ನಕ್ಕರು. ನೋಡಿಕೊಂಡರೆ ಒಂದು ಕಾಲಿನಲ್ಲಿ ಚಪ್ಪಲಿಯೇ ಇಲ್ಲ. ಅದು ದಾರಿಯಲ್ಲಿ ಎಲ್ಲಿ ಕಳಚಿಬಿತ್ತೆಂಬುದು ಕಾಲಿಗೆ ತಿಳಿದೇ ಇರಲಿಲ್ಲ.

ಅಂದೇ ಸಂಜೆ ನನ್ನ ಅಂಗಡಿಗೆ ಬಂದರು. “ದಿಂಬು ತಗೀರಿ,” ಎಂದೆ. “ಒಂದು ತಿಂಗಳಿಗೆ ಚರ್ಮ ನಿಮ್ಮ ಮೈಗೆ ಹೊಂದತದ. ಅಲ್ಲೀತನಕ ಆಗಾಗ ಪೆಡಲ್ ಮ್ಯಾಲ ಎದ್ದು ನಿಂತು ಹತ್ತು ಎಣಸ್ರಿ, ರಕ್ತ ಹರೀತದ.”

“ತಗೀಲಿಕ್ಕೆ ಬರೂದಿಲ್ರಿ. ಆಕಿ ಮೂರು ದಿನ ಕೂತು ಹೊಲದಾಳ. ದಿನಾ ಸಂಜಿಕೆ ‘ಹ್ಯಾಂಗದ?’ ಅಂತ ಕೇಳ್ತಾಳ.”

ಇಬ್ಬರೂ ಯೋಚನೆ ಮಾಡಿ ದಿಂಬನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿದೆವು. ಸೈಕಲ್ ಮೇಲಂತೂ ಇದೆಯಲ್ಲ. ಮನೆಯಲ್ಲಿ ಹೆಂಡತಿ ಅದನ್ನು ನೋಡಿ, “ಅಲ್ಲಿ ಯಾರು ಕೂಡೋರು?” ಎಂದು ಕೇಳಿದಳು. ಮಾಸ್ತರರು ಥಟ್ಟನೆ “ನೀನ!” ಎಂದುಬಿಟ್ಟರು.

ಮರುದಿನ ಸಂಜೆ ಗಂಡ ಹೆಂಡತಿ ಪರ್ವತಿ ಬೆಟ್ಟದ ಕಡೆಗೆ ಹೊರಟರು. ಗಂಡ ಚರ್ಮದ ಸೀಟಿನ ಮೇಲೆ ಹಲ್ಲು ಕಚ್ಚಿ, ಹೆಂಡತಿ ಹತ್ತಿಯ ಮೇಲೆ. ಬೆಟ್ಟದ ಬುಡದಲ್ಲಿ ಇಳಿದು ಆಕೆ ಸೆರಗು ಸರಿಮಾಡಿಕೊಂಡು ಹೇಳಿದ್ದಿಷ್ಟು: “ಇಷ್ಟು ಹಾಯಾದ ಸೈಕಲ್ಲಿಗೆ ನೀವು ಅಷ್ಟು ನರಳ್ತಿದ್ರಲ್ಲ!”

ಖಾಲಿ ಬಾಕು

ಧಾರವಾಡ ಕಡೆಯ ಒಬ್ಬ ನರ್ಸಬಾಯಿ ಇಲ್ಲಿಯ ಹೆರಿಗೆ ಆಸ್ಪತ್ರೆಯಲ್ಲಿದ್ದಳು. ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡುವುದು ಅವಳ ಕೆಲಸ. ನಡೆದು ಹೋದರೆ ಹೊತ್ತಾಗುತ್ತದೆಂದು ತಾನೇ ಹಟ ಹಿಡಿದು ಆಸ್ಪತ್ರೆಯಿಂದ ಹೆಂಗಸರ ಸೈಕಲ್ ಕೊಡಿಸಿಕೊಂಡಿದ್ದಳು. ಹಿರಿಯ ಡಾಕ್ಟರು, “ಒಂದು ತಿಂಗಳು ನೋಡ್ತೀನಿ. ಆಗದಿದ್ರ ವಾಪಸ್ ಕೊಡಬೇಕು, ಮತ್ತ ಯಾವ ನರ್ಸೂ ಸೈಕಲ್ ಕೇಳಬಾರದು” ಎಂದಿದ್ದರಂತೆ.

ಎರಡನೆಯ ವಾರಕ್ಕೆ ನನ್ನ ಅಂಗಡಿಗೆ ಬಂದಳು. ಸುತ್ತಿ ಬಳಸಿ ಮಾತಾಡುವ ಹೆಂಗಸಲ್ಲ.

“ಕೂಡೋ ಜಾಗ ಸುಲದು ಹೋಗೇದ. ಸೈಕಲ್ ನಾ ಬಿಡಂಗಿಲ್ಲ. ಏನು ಮಾಡ್ತೀರಿ ಮಾಡ್ರಿ.”

ನಾನೇ ನಾಚಿಕೊಂಡು ಚೈನು ನೋಡುತ್ತ ಮಾತಾಡಿದೆ. ಸೀಟು ಇಳಿಸಿ ಸಮ ಮಾಡಿದೆ. ಒಂಬತ್ತು ಗಜದ ಸೀರೆ, ಕಚ್ಚೆಯ ನಿರಿಗೆಯೆಲ್ಲ ಮುದ್ದೆಯಾಗಿ ಅವಳ ಕೆಳಗೆ ಬರುತ್ತಿತ್ತು. ಅದನ್ನು ಹರಡಿ ಉಟ್ಟುಕೊಳ್ಳಲು ಹೇಳಿದೆ. ಮಳೆಯಲ್ಲಿ ನೆನೆದ ಸೀರೆಯಲ್ಲಿ ದೂರ ಹೋಗಬೇಡಿ, ಸುಲಿದದ್ದು ಮಾಯಲು ಎರಡು ದಿನ ಬಿಟ್ಟು ಸೈಕಲ್ ಹತ್ತಿರಿ ಎಂದೆ. ಆಕೆ ಪ್ರತಿಯೊಂದಕ್ಕೂ “ಯಾಕ?” ಎಂದು ಕೇಳಿ, ತಿಳಿದುಕೊಂಡು ಹೋದಳು.

ತಿಂಗಳು ಮುಗಿದ ಮರುದಿನ ಬೆಳಿಗ್ಗೆ ಮತ್ತೆ ಬಂದಳು. ಆ ಹೊತ್ತಿಗೆ ಅಂಗಡಿಯಲ್ಲಿ ನಮ್ಮ ಕಡೆಯ ಮೂವರು ಕಾರಕೂನರಿದ್ದರು. ಒಂದೇ ಕಚೇರಿಯವರು, ಹಿಂದಿನ ವಾರವೇ ಮೂವರೂ ಒಂದೊಂದು ಹೊಸ ಸೈಕಲ್ ಕೊಂಡಿದ್ದರು. ಒಬ್ಬರು ಬ್ರೇಕು ನೋಡ್ರಿ ಎಂದಿದ್ದರು, ಇನ್ನೊಬ್ಬರು ಗಾಳಿ ಹಾಕ್ರಿ ಎಂದಿದ್ದರು, ಮೂರನೆಯವರದು ಗಂಟೆ ಕೆಟ್ಟಿತ್ತು.

ನರ್ಸಬಾಯಿ ಬಂದವಳೇ ದೊಡ್ಡ ದನಿಯಲ್ಲಿ, “ಗೆದ್ದೆ ನೋಡ್ರಿ! ನಿನ್ನೆ ಹಡಪಸರದಾಗ ಒಂದು ಕೂಸು, ಧನಕವಡಿಯೊಳಗ ಒಂದು ಕೂಸು, ಎರಡಕ್ಕೂ ವ್ಯಾಳ್ಯಾಕ್ಕ ಸರಿಯಾಗಿ ಮುಟ್ಟೀನಿ. ಡಾಕ್ಟರ್ ಇನ್ನೂ ಎರಡು ಸೈಕಲ್ ತರಸ್ತಾರಂತ” ಎಂದಳು. ಆಮೇಲೆ, ಹೊಸ ನರ್ಸುಗಳಿಗೆ ಹೇಳಲು ಬೇಕೆಂದು, ಸೀಟು ಎಷ್ಟು ಇಳಿಸಬೇಕು, ಎಲ್ಲಿ ಒತ್ತಿದರೆ ಏನಾಗುತ್ತದೆ, ಕಚ್ಚೆ ಎಲ್ಲಿರಬೇಕು ಎಲ್ಲವನ್ನೂ ತನ್ನ ಮೈ ಮುಟ್ಟಿ ತೋರಿಸುತ್ತ ನನ್ನ ಮುಂದೆ ಒಪ್ಪಿಸಿದಳು. ಮೂವರು ಕಾರಕೂನರೂ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದರು, ಕಿವಿ ಮಾತ್ರ ಈ ಕಡೆ. ಕಚ್ಚೆಯ ಮಾತು ಬಂದಾಗ ಮೂವರ ಕೈಯೂ ಒಟ್ಟಿಗೇ ಹಿಂದಕ್ಕೆ ಹೋಯಿತು.

ನರ್ಸಬಾಯಿ ಮಾತು ನಿಲ್ಲಿಸಿ ಅವರನ್ನು ನೋಡಿದಳು. ಗಿರಾಕಿಗಳು ಕೂಡಲೆಂದು ಗೋಡೆಗೆ ಹಾಕಿದ್ದ ಉದ್ದನೆಯ ಬಾಕನ್ನು ನೋಡಿದಳು.

“ಅಲ್ರೀ, ಬಾಕು ಪೂರ್ತಿ ಖಾಲಿ ಅದ. ನಾ ಬಂದು ಅರ್ಧ ತಾಸಾತು, ಮೂರೂ ಮಂದಿ ನಿಂತೇ ಇದ್ದೀರಲ್ಲ, ಯಾಕ?”

ಮೊದಲನೆಯವರು ಬ್ರೇಕು ಹಿಡಿದು ನೋಡಿದರು, ಎರಡನೆಯವರು ಗಾಲಿ ಒತ್ತಿ ನೋಡಿದರು. ಮೂರನೆಯವರು ಕೆಮ್ಮಿ, ಧೈರ್ಯ ಮಾಡಿ ಹೇಳಿದರು:

“ನನ್ನ ಸೈಕಲ್ಲಿನ ಗಂಟಿ ಸಪ್ಪಳಾನ ಮಾಡವಲ್ಲದ್ರಿ ಬಾಯಾರ. ಅದಕ್ಕ ಕೂಡ್ಲಿಕ್ಕೆ ಬರವಲ್ಲದು.”